ಕೀಲಿಕೈಗೆ ಬೇರೆ ಕೆಲಸ

ಆ ಮನೆಯೊಳಗೆ ಒಂದು ಮಾತಿಗೆ ಪ್ರವೇಶವಿರಲಿಲ್ಲ. ಮಗಳು ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಾಗ ತಾಯಿ ಗೋಪಮ್ಮ ಅದಕ್ಕೆ ಪಿತ್ತ ಅನ್ನುತ್ತಿದ್ದಳು. ಬಿಸಿಲು ಹೆಚ್ಚಿದ್ದ ದಿನವಾದರೆ ಕಣ್ಣಿಗೆ ಕತ್ತಲೆ ಬಂತು ಅನ್ನುತ್ತಿದ್ದಳು. ಅಮಾವಾಸ್ಯೆ ಹತ್ತಿರವಿದ್ದರೆ ಗಾಳಿ ಸೋಕಿತು. ಫಿಟ್ಸ್ ಅನ್ನುವ ಮಾತು ಮಾತ್ರ ಹೊಸ್ತಿಲು ದಾಟಬಾರದು. ದಾಟಿದರೆ ಮಗಳಿಗೆ ಗಂಡಿಲ್ಲ, ಮಗನಿಗೆ ಹೆಣ್ಣಿಲ್ಲ ಅನ್ನುವುದು ಅವಳ ಹೆದರಿಕೆ. ನಾನೋ ಆ ಮಾತನ್ನೇ ಬಾಯಲ್ಲಿಟ್ಟುಕೊಂಡು ಮನೆಮನೆ ತಿರುಗುವ ಸರ್ಕಾರಿ ನರ್ಸು. ನನ್ನ ಬಿಳಿ ಸೀರೆ ಓಣಿಯ ತುದಿಯಲ್ಲಿ ಕಂಡರೆ ಸಾಕು, ಗೋಪಮ್ಮ ಬಾಗಿಲಿಗೆ ಅಡ್ಡ ನಿಂತು, "ನಾವೆಲ್ಲಾ ಆರಾಮದೀವ್ರಿ ನರ್ಸಮ್ಮಾ, ಮುಂದಿನ ಮನಿಗಿ ಹೋಗ್ರಿ" ಅನ್ನುತ್ತಿದ್ದಳು.

ನನ್ನ ಹೆಸರು ಉಮಾದೇವಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮಲ್ಲಟದ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ, ಈಗ ನಿವೃತ್ತಳಾಗಿ ರಾಯಚೂರಿನಲ್ಲಿ ಮಂಡಿನೋವು ಸಾಕಿಕೊಂಡು ಕೂತಿದ್ದೇನೆ. ಬಾಯಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಬರುವವರನ್ನು ಕಂಡರೆ ಸಿಟ್ಟು ಬರುತ್ತದೆ. ಗೋಪಮ್ಮನ ಮಗಳು ವಿಶಾಖಾ ನನಗೆ ಇಷ್ಟವಾದದ್ದೂ ಅದೇ ಕಾರಣಕ್ಕೆ ಇರಬೇಕು. ಅವಳ ಬಗ್ಗೆ ಪೇಪರಿನಲ್ಲಿ ‘ರೋಗವನ್ನು ಮೆಟ್ಟಿ ನಿಂತ ಯುವತಿ’ ಎಂದು ಬರೆದರು. ಅವಳು ಮೆಟ್ಟಿ ನಿಂತದ್ದು ರೋಗವನ್ನಲ್ಲ. ಅದಕ್ಕೇ ಈ ಕಥೆಯನ್ನು ನಾನೇ ಹೇಳುತ್ತಿದ್ದೇನೆ.

ವಿಶಾಖಾ ಏಳನೇ ತರಗತಿಯಲ್ಲಿದ್ದಾಗ ನಾನು ಶಾಲೆಗೆ ಲಸಿಕೆ ಹಾಕಲು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದ ಹುಡುಗಿ ಕಣ್ಣೆದುರೇ ಬಿದ್ದಳು. ಸೂಜಿಗೆ ಹೆದರಿದ್ದಾಳೆ ಎಂದರು ಮೇಷ್ಟರು. ಹೆದರಿ ಬಿದ್ದವರು ಹಾಗೆ ಸೆಟೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಅವಳನ್ನು ಮಗ್ಗುಲಿಗೆ ಹೊರಳಿಸುತ್ತಿದ್ದಂತೆ, ಪಕ್ಕದ ಹತ್ತಿ ಹೊಲದಲ್ಲಿ ಕೂಲಿಗೆ ಬಂದಿದ್ದ ಗೋಪಮ್ಮ ಓಡಿ ಬಂದು ನನ್ನನ್ನು ನೂಕಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮನೆಯ ಕೀಲಿಕೈ ತೆಗೆದು ಮಗಳ ಮುಷ್ಟಿಯೊಳಗೆ ತುರುಕಿ, ಮೇಲಿಂದ ತನ್ನ ಎರಡೂ ಕೈಯಿಂದ ಒತ್ತಿ ಹಿಡಿದಳು. ಹಳೆಯ ಕಾಲದ ಕೀಲಿಕೈ, ಗೇಣುದ್ದ, ತುದಿಯಲ್ಲಿ ಹಲ್ಲು. ಫಿಟ್ಸ್ ಬಂದ ಕೈ ಹೇಗೆ ಬಿಗಿಯುತ್ತದೆ ಅನ್ನುವುದು ಕಂಡವರಿಗೆ ಗೊತ್ತು. ಆ ಹಲ್ಲು ಹುಡುಗಿಯ ಅಂಗೈಗೆ ಇಳಿದು ರಕ್ತ ಬಂತು.

ನಮ್ಮ ಕಡೆ ಇದು ಹೊಸದಲ್ಲ. ಫಿಟ್ಸ್ ಬಂದರೆ ಕಬ್ಬಿಣ ಹಿಡಿಸಬೇಕು, ಮೂಗಿಗೆ ಉಳ್ಳಾಗಡ್ಡಿ ಹಿಡಿಯಬೇಕು, ಅದೂ ಇಲ್ಲದಿದ್ದರೆ ಚಪ್ಪಲಿ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ನನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಮುದುಕಿಯ ಲೆಕ್ಕ. ನಾನು ಆ ಅಂಗೈಗೆ ಪಟ್ಟಿ ಕಟ್ಟುತ್ತಾ ಗೋಪಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅವಳು ತಲೆ ಎತ್ತಲಿಲ್ಲ. ಗಾಯ ಮಾಯಿತು, ಗುರುತು ಮಾತ್ರ ಉಳಿಯಿತು. ಇವತ್ತಿಗೂ ವಿಶಾಖಾ ಪೆನ್ಸಿಲ್ ಹಿಡಿಯುವುದು ಅದೇ ಕೈಯಲ್ಲಿ.

ಬಯ್ಯುವುದು ಒಂದು ಕಡೆಯಿರಲಿ, ತಾಯಿ-ಮಗಳು ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ರಾಯಚೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಗೋಪಮ್ಮ ಡಾಕ್ಟರಿಗೆ ಕೈ ಮುಗಿದು, "ಗುಳಿಗಿ ಕೊಡ್ರಿ ಸಾಹೇಬ್ರ, ಹೆಸರು ಮಾತ್ರ ಹೇಳಬ್ಯಾಡ್ರಿ" ಎಂದಳು. ಗುಳಿಗೆ ಬಂದವು. ಮನೆಯ ಗೋಡೆಯ ಮೇಲಿನ ಬುದ್ಧನ ಪಟದ ಹಿಂದೆ ಅವುಗಳಿಗೆ ಜಾಗವಾಯಿತು. ಓಣಿಯವರು ಕೇಳಿದರೆ ‘ರಕ್ತ ಕಡಿಮಿ ಅದ’ ಎನ್ನುವ ಉತ್ತರವೂ ತಯಾರಾಯಿತು. ಗಂಡ ಮೌನಪ್ಪ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕೂಲಿ ಮಾಡಿ ಸಾಕಿದ ಹೆಂಗಸು ಅವಳು. ಊರ ಬಾಯಿಗೆ ಮುಚ್ಚಳ ಇಲ್ಲ ಅನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬೈದದ್ದಕ್ಕೆ ಪಶ್ಚಾತ್ತಾಪವೇನಿಲ್ಲ, ಆದರೆ ಅವಳ ಹೆದರಿಕೆ ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು.

ವಿಶಾಖಾ ಡಿಗ್ರಿ ಮುಗಿಸಿ ಮಾನ್ವಿಯಲ್ಲಿ ಖಾಜಾಮಿಯಾನ ಫ್ಲೆಕ್ಸ್ ಅಂಗಡಿಗೆ ಸೇರಿದಳು. ಕಂಪ್ಯೂಟರಿನಲ್ಲಿ ಬ್ಯಾನರ್ ಮಾಡುವ ಕೆಲಸ. ಪುಢಾರಿಗಳ ಹುಟ್ಟುಹಬ್ಬಕ್ಕೆ ಅವರ ಮುಖ ಬೆಳ್ಳಗೆ ಮಾಡುವುದು, ಮೀಸೆ ಕಪ್ಪಗೆ ಮಾಡುವುದು, ಕೆಳಗೆ ಶುಭ ಕೋರುವವರ ತಲೆಗಳನ್ನು ಬಟಾಣಿಯಂತೆ ಜೋಡಿಸುವುದು. ಕೆಲಸಕ್ಕೆ ಸೇರಿದ ದಿನವೇ ಅವಳು ಖಾಜಾಮಿಯಾನಿಗೆ, "ನಂಗ ಫಿಟ್ಸ್ ಅದಾವ. ಬ್ಯಾಡಂದ್ರ ಈಗಲೇ ಹೇಳ್ರಿ" ಎಂದಳಂತೆ. ಖಾಜಾಮಿಯಾ ಪ್ರಿಂಟಿಂಗ್ ಮಷೀನಿನ ಕಡೆ ಕೈ ತೋರಿಸಿ, "ಇದೂ ಆಗಾಗ ಗಡಗಡ ನಡುಗಿ ನಿಂತುಬಿಡ್ತದ ಬೇಟಿ. ಇದನ್ನೇನು ಹೊರಗ ಹಾಕೀನಾ? ಕುಂದ್ರು, ಕೆಲಸಾ ಮಾಡು" ಎಂದನಂತೆ. ತಾಯಿಯ ಮುಂದೆ ಹೇಳಬಾರದ ಮಾತು ಅಂಗಡಿಯಲ್ಲಿ ಅಷ್ಟು ಸುಲಭವಾಗಿ ಮುಗಿದುಹೋಯಿತು. ಅವಳು ಮನೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದಳು, ತಾಯಿಗಾಗಿ.

ಆಮೇಲೆ ಹತ್ತಿರದ ಊರು ಕುರ್ಡಿಯಲ್ಲಿ ಒಬ್ಬ ಹೊಸ ಸೊಸೆ ಸತ್ತಳು. ಒಲೆಯ ಮುಂದೆ ಕೂತಾಗ ಫಿಟ್ಸ್ ಬಂದು ಬಿದ್ದಿದ್ದಾಳೆ. ಮನೆಯವರು ಒಬ್ಬರು ಕೀಲಿಕೈ ಹುಡುಕಲು, ಒಬ್ಬರು ಉಳ್ಳಾಗಡ್ಡಿ ತರಲು ಓಡಿದ್ದಾರೆ. ಅವಳನ್ನು ಒಲೆಯಿಂದ ಈಚೆಗೆ ಎಳೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ವಿಶಾಖಾ ಅವಳ ಮಣ್ಣಿಗೆ ಹೋಗಿ ಬಂದು ಅಂಗಡಿಯಲ್ಲಿ ಕೂತಳು. ಪುಢಾರಿಗಳ ಫ್ಲೆಕ್ಸ್ ಕತ್ತರಿಸಿ ಉಳಿದ ತುಂಡುಗಳ ಮೇಲೆ ಚಿತ್ರ ಬಿಡಿಸತೊಡಗಿದಳು. ಒಂದರ ಪಕ್ಕ ಒಂದು, ಕಥೆಯಂತೆ. ಅಕ್ಷರ ಒಂದೂ ಇಲ್ಲ. ಓದಲು ಬಾರದವರಿಗೆ ತಾನೇ ಅದು ಬೇಕಾಗಿರುವುದು, ನನ್ನ ಅವ್ವನಂಥವರಿಗೆ, ಎಂದಳು.

ಮೊದಲ ಸಲದ್ದು ಕೆಟ್ಟಿತು. ಕೀಲಿಕೈಯ ಮೇಲೆ, ಉಳ್ಳಾಗಡ್ಡಿಯ ಮೇಲೆ, ಚಪ್ಪಲಿಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಕ್ರಾಸಿನಂತೆ ಅಡ್ಡಗೀಟು ಹೊಡೆದಿದ್ದಳು, ಮಾಡಬೇಡಿ ಅನ್ನುವುದಕ್ಕೆ. ಅದನ್ನು ಕುರ್ಡಿಯ ಕಟ್ಟೆಯ ಹತ್ತಿರ ಕಟ್ಟಿದೆವು. ಕೆಲವು ದಿನ ಬಿಟ್ಟು ಹೋಗಿ ಕೇಳಿದರೆ ಹೆಂಗಸರು ಖುಷಿಯಾಗಿದ್ದಾರೆ. "ನೀವು ಇಷ್ಟು ದಿನ ಸುಮ್ನ ಬೈತಿದ್ರಿ ನರ್ಸಮ್ಮಾ. ಈಗ ನೋಡ್ರಿ, ಕೀಲಿಕೈಗೆ ದವಾಖಾನಿಯವರೇ ಕೆಂಪು ಗುರ್ತು ಹಾಕಿ ಕೊಟ್ಟಾರ!" ಆಂಬುಲೆನ್ಸಿನ ಮೇಲೆ, ಔಷಧಿ ಅಂಗಡಿಯ ಮೇಲೆ, ನನ್ನ ಚೀಲದ ಮೇಲೆ ಕೆಂಪು ಕ್ರಾಸು ನೋಡಿದವರು ಇನ್ನೇನು ತಿಳಿಯಬೇಕು? ಒಬ್ಬ ಮುದುಕಿಯಂತೂ ತನ್ನ ಮನೆಯ ಕೀಲಿಕೈಗೆ ಕುಂಕುಮದಲ್ಲಿ ಗೀಟು ಎಳೆದು ಇಟ್ಟುಕೊಂಡಿದ್ದಳು. ನಾನು ನಕ್ಕೆ. ವಿಶಾಖಾ ನಗಲಿಲ್ಲ. ಆ ಫ್ಲೆಕ್ಸ್ ಕಿತ್ತು ಮಡಚಿ ಕಂಕುಳಲ್ಲಿಟ್ಟುಕೊಂಡು, ಅದೇ ಕಟ್ಟೆಯ ಮೇಲೆ ಹೆಂಗಸರ ನಡುವೆ ಕೂತಳು.

"ಕೀಲಿಕೈ ಹಿಡಿಸಬ್ಯಾಡ್ರಿ ಅಂದ್ರ ನಿಮಗ ಏನ್ ತ್ರಾಸ?" ಎಂದು ಕೇಳಿದಳು.

ಗೀಟು ಎಳೆದ ಮುದುಕಿ, "ಕೂಸು ಒದ್ದಾಡಾಕತ್ತಿರತದ. ಕೈ ಕಟ್ಟಿಕೊಂಡು ಹ್ಯಾಂಗ ಕುಂದ್ರಬೇಕು ಯವ್ವಾ? ಈ ಕೈಗೆ ಏನರ ಕೆಲಸ ಬೇಕಲ್ಲಾ" ಎಂದಳು.

ವಿಶಾಖಾ ಆ ಮಾತನ್ನು ಹಿಡಿದುಕೊಂಡು ಮನೆಗೆ ಹೋದಳು. ಎರಡನೆಯ ಸಲ ಬರೆದಾಗ ಅಡ್ಡಗೀಟೇ ಇಲ್ಲ. ಆರು ಚಿತ್ರ. ಮೊದಲನೆಯದರಲ್ಲಿ ಹತ್ತಿ ಬಿಡಿಸಿ ತಂದ ಹುಡುಗಿ ಮನೆಯೊಳಗೆ ಬೀಳುತ್ತಾಳೆ. ಎರಡನೆಯದರಲ್ಲಿ ಅಲ್ಲಿದ್ದ ಮುದುಕಿಯ ಕೈ ಸೊಂಟದ ಕೀಲಿಕೈಗೆ ಹೋಗುತ್ತದೆ. ಮೂರನೆಯದರಲ್ಲಿ ಮುದುಕಿ, ನೋಡಲು ನುಗ್ಗಿದ ಓಣಿಯವರನ್ನೆಲ್ಲ ಹೊರಗೆ ಅಟ್ಟಿ, ಅದೇ ಕೀಲಿಕೈಯಿಂದ ಬಾಗಿಲಿಗೆ ಒಳಗಿನಿಂದ ಬೀಗ ಜಡಿಯುತ್ತಾಳೆ. ಕಿಟಕಿಯಲ್ಲಿ ಇಣುಕುವ ಮುಖಗಳನ್ನು ಅವಳು ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ ಪ್ರತಿ ಊರಿನವರೂ ಅದರಲ್ಲಿ ತಮ್ಮ ಪಕ್ಕದ ಮನೆಯವರನ್ನು ಗುರುತಿಸಿದರು. ನಾಲ್ಕನೆಯದರಲ್ಲಿ ಮುದುಕಿ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ ತಲೆಯಡಿ ಕಂಬಳಿ ಮಡಚಿ ಇಡುತ್ತಾಳೆ. ಐದನೆಯದರಲ್ಲಿ ಒಲೆಯ ಮೇಲೆ ರೊಟ್ಟಿ. ಒಂದು ಬೆಂದು ಪುಟ್ಟಿಯಲ್ಲಿದೆ, ಇನ್ನೊಂದು ಹೆಂಚಿನ ಮೇಲಿದೆ. ಎರಡು ರೊಟ್ಟಿ ಬೇಯುವ ಹೊತ್ತಿಗೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಬೇಕು, ಅದಕ್ಕೆ ಪಕ್ಕದಲ್ಲೊಂದು ಫೋನು.

ಆರನೆಯದರಲ್ಲಿ ಹುಡುಗಿ ಎದ್ದು ಕೂತು ಆ ರೊಟ್ಟಿ ತಿನ್ನುತ್ತಿದ್ದಾಳೆ. ಮುದುಕಿ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಿದ್ದಾಳೆ, ಹೊರಗೆ ಓಣಿಯವರು ಕಾಯುತ್ತಿದ್ದಾರೆ. ಮುದುಕಿಯ ಬಾಯಿಂದ ಮಾತಿನ ಗುಳ್ಳೆಯೊಂದು ಹೊರಟಿದೆ. ಗುಳ್ಳೆ ಖಾಲಿ.

"ಇದ್ಯಾಕ ಖಾಲಿ? ಮುದುಕಿ ಏನ್ ಹೇಳಾಕತ್ತಾಳ?" ಎಂದೆ.

"ಅದನ್ನ ನಾ ಬರಿಯಾಂಗಿಲ್ರಿ ನರ್ಸಮ್ಮಾ. ಅದನ್ನ ಮುದುಕಿನೇ ಹೇಳಬೇಕು" ಎಂದಳು. ಮುದುಕಿಯ ಮೂಗು, ಹಣೆ, ಸೆರಗು ಸಿಕ್ಕಿಸಿಕೊಂಡ ರೀತಿ, ಎಲ್ಲವೂ ಗೋಪಮ್ಮನವು.

ಈ ಸಲದ ಫ್ಲೆಕ್ಸುಗಳು ಊರೂರಿಗೆ ಹೋದವು. ಗೋಡೆಯ ಮೇಲೆ ಉಳಿದದ್ದು ಕಡಿಮೆ. ಗಟ್ಟಿ ಫ್ಲೆಕ್ಸ್ ಕಂಡರೆ ನಮ್ಮ ಮಂದಿ ಬಿಡುತ್ತಾರೆಯೇ? ಒಬ್ಬರು ಬಿಚ್ಚಿ ಮೆಣಸಿನಕಾಯಿ ರಾಶಿಗೆ ಹೊದಿಸಿದರು, ಇನ್ನೊಬ್ಬರು ಹತ್ತಿ ತುಂಬಿದ ಅಂಡಿಗೆ ಚೀಲಕ್ಕೆ ಕಟ್ಟಿದರು, ಮತ್ತೊಬ್ಬರು ದನದ ಕೊಟ್ಟಿಗೆಗೆ ಸೂರು ಮಾಡಿದರು. ನಾನು ಗೊಣಗಿದರೆ ವಿಶಾಖಾ, "ದಿನಾ ಕಣ್ಣಿಗಿ ಬೀಳತದಲ್ರಿ, ಸಾಕು" ಎಂದಳು. ನಿಜವೇ. ರಾಶಿ ಕಾಯುತ್ತ ಕೂತವರು ಏನು ಮಾಡಬೇಕು, ಚಿತ್ರ ನೋಡಿದರು. ಕೃಷ್ಣೆಯ ದಂಡೆಯ ಊರಾದ ಗೂಗಲ್‌ನಲ್ಲಿ ಅಲ್ಲಮಪ್ರಭು ಗುಡಿಗೆ ಹೋಗುವ ದಾರಿಯ ಚಹಾದಂಗಡಿಗೆ ಅದೇ ಚಪ್ಪರವಾಗಿತ್ತು. ದೇವದುರ್ಗದ ದವಾಖಾನೆಯ ಡಾಕ್ಟರ್ ಪ್ರಿಯದರ್ಶಿನಿ ಅಲ್ಲಿ ಚಹಾ ಕುಡಿಯುತ್ತ ತಲೆಯೆತ್ತಿ ನೋಡಿ, ಚಹಾ ಆರುವವರೆಗೂ ನೋಡುತ್ತಲೇ ಇದ್ದಳಂತೆ. ನಮ್ಮ ಕಡೆಯ ಹುಡುಗಿ ಅವಳು, ಚುರುಕು. ವಿಚಾರಿಸಿಕೊಂಡು ಮಾನ್ವಿಯ ಅಂಗಡಿಗೇ ಬಂದಳು.

ಬಂದವಳು ಒಂದು ಸುದ್ದಿ ತಂದಿದ್ದಳು. ಆರೋಗ್ಯ ಸೇವೆಯಲ್ಲಿ ಕಾಮಿಕ್ಸ್ ಬಳಸುವ ಬಗ್ಗೆ ರಾಯಚೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಲಿದೆ. ಬೇರೆ ಬೇರೆ ದೇಶಗಳಿಂದ ಡಾಕ್ಟರುಗಳು, ಚಿತ್ರ ಬರೆಯುವವರು, ಪ್ರೊಫೆಸರುಗಳು ಬರುತ್ತಾರೆ. ಕಾಯಿಲೆಯವರೇ ತಮ್ಮ ಕಾಯಿಲೆಯ ಕಥೆ ಬರೆದದ್ದನ್ನು ತೋರಿಸುತ್ತಾರೆ. ವಿಶಾಖಾ ಬಂದು ತನ್ನ ಆರು ಚಿತ್ರ ತೋರಿಸಿ ಮಾತಾಡಬೇಕು. ಖಾಜಾಮಿಯಾ ಆವತ್ತು ಓಣಿಗೆಲ್ಲ ಚಹಾ ಕುಡಿಸಿದ. ವಿಶಾಖಾ ಮಾತ್ರ ಒಂದೇ ಮಾತು ಕೇಳಿದಳು: "ಇದು ನನ್ನ ಕಥಿ ಅಂತ ಹೇಳಬೌದೇನ್ರಿ?"

ಪ್ರಿಯದರ್ಶಿನಿ, "ಅದಕ್ಕೇ ಕರಿಯಾಕ ಬಂದೀನಿ" ಎಂದಳು.

ಮನೆಯಲ್ಲಿ ರಾದ್ಧಾಂತವಾಯಿತು. ತಮ್ಮ ಅಂಬರೀಶನಿಗೆ ದೇವದುರ್ಗದ ಕಡೆಯ ಹೆಣ್ಣು ಗೊತ್ತಾಗುವ ಹಂತದಲ್ಲಿತ್ತು. ಗೋಪಮ್ಮ ಅತ್ತಳು, ಬೈದಳು, ಊಟ ಬಿಟ್ಟಳು. ನನ್ನನ್ನೂ ಕರೆಸಿದರು. ಪಂಚಾಯಿತಿಗೆ ಕೂತವಳಂತೆ ನಡುವೆ ಕೂತೆ.

"ಮೈಕ್ ಮುಂದ ನಿಂತು ಹೇಳಿದ್ರ ಆ ಮನಿ ಬಾಗಲಾ ಮುಚ್ಚತದ. ನಿನ್ನ ತಮ್ಮನ ಬಾಳೇವು ಹಾಳು ಮಾಡಬ್ಯಾಡ" ಎಂದಳು ಗೋಪಮ್ಮ.

"ಹೇಳದಂಗ ಹೆಣ್ಣು ತಂದ್ರ, ನಾಳೆ ಅಕಿ ಮುಂದ ನಾ ಬಿದ್ದಾಗ ಏನಂತಿ? ಪಿತ್ತ ಅಂತಿಯೇನು?"

"ಅಂತೀನಿ. ಇಷ್ಟು ದಿನ ಅಂದೀನಿ, ಮುಂದೂ ಅಂತೀನಿ."

"ಕುರ್ಡಿಯಾಗ ಆ ಸೊಸಿ ತವರಮನಿಯವ್ರೂ ಹಂಗೇ ಅಂದಿದ್ರು" ಎಂದಳು ವಿಶಾಖಾ. "ಅಕಿ ಅವ್ವ ಹೇಳಿಕಳಿಸಿದ್ರ ಅತ್ತಿಮನಿಯವ್ರು ಒಲಿ ಮುಂದ ಕುಂದ್ರಸ್ತಿರಲಿಲ್ಲ. ಮುಚ್ಚಿಟ್ಟಿದ್ದಕ್ಕ ಸತ್ತಳವ್ವಾ ಅಕಿ. ನಾ ಮುಚ್ಚಿಟ್ಟುಕೊಂಡು ಸಾಯಾಂಗಿಲ್ಲ."

ಅಂಬರೀಶ, "ಹೋಗಲಿ ಬಿಡಬೇ ಅವ್ವಾ. ಅಕ್ಕನ್ನ ಮುಚ್ಚಿಟ್ಟು ಆಗೋ ಮದಿವಿ ನಂಗೂ ಬ್ಯಾಡ" ಎಂದ. ಗೋಪಮ್ಮ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಸೊಂಟದ ಕೀಲಿಕೈ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಸಮ್ಮೇಳನಕ್ಕೆ ತಾನೂ ಬರುತ್ತೇನೆ ಎಂದು ಆಮೇಲೆ ಹೇಳಿದಳು. ಮನಸ್ಸು ಬದಲಾಗಿ ಅಲ್ಲ. ಅಷ್ಟು ಮಂದಿಯ ನಡುವೆ ಮಗಳು ಬಿದ್ದರೆ ಕೀಲಿಕೈ ಹಿಡಿಸಲು ತಾನಲ್ಲದೆ ಯಾರಿದ್ದಾರೆ ಎಂದು.

ಸಮ್ಮೇಳನದ ಹಿಂದಿನ ದಿನ ಸಂಜೆ ಸಮಿತಿಯ ಹಿರಿಯರೊಬ್ಬರು ವಿಶಾಖಾಳಿಗೆ ಫೋನು ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಕಾರ್ಯಕ್ರಮ ಜಗತ್ತಿಗೆಲ್ಲ ನೇರ ಪ್ರಸಾರವಾಗುತ್ತದೆ, ವೇದಿಕೆಯ ಮೇಲೆ ಏನಾದರೂ ಆಗಿಬಿಟ್ಟರೆ ಅವಳಿಗೂ ಮುಜುಗರ, ಅತಿಥಿಗಳಿಗೂ ಮುಜುಗರ. ಹಾಗಾಗಿ ಅವಳ ಮಾತನ್ನು ಮೊದಲೇ ವಿಡಿಯೊ ಮಾಡಿ ತೋರಿಸುವುದು, ಅವಳು ಮುಂದಿನ ಸಾಲಿನಲ್ಲಿ ಕೂತಿರುವುದು, ಕೊನೆಗೆ ಶಾಲು ಹೊದಿಸುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಲೋಕದಲ್ಲಿ ಶಾಲು ಹೊದಿಸಿ ಬಾಯಿ ಮುಚ್ಚಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ವಿಶಾಖಾ ಫೋನು ಇಟ್ಟವಳು ಅಂಗಡಿಯ ಶಟರ್ ಅರ್ಧ ಇಳಿಸಿ ಮಷೀನು ಹಚ್ಚಿದಳು. ಆರು ಚಿತ್ರಗಳನ್ನೂ ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿದಳು. ಮೈಕ್ ಕೊಡದಿದ್ದರೆ ಸಭಾಂಗಣದ ಗೇಟಿಗೇ ಕಟ್ಟಿ, ಅಲ್ಲೇ ನಿಂತು ಹೇಳುತ್ತೇನೆ ಎಂಬುದು ಅವಳ ಹಟ. ಮಷೀನು ಎಂದಿನಂತೆ ನಡುನಡುವೆ ನಿಂತಿತು, ಖಾಜಾಮಿಯಾ ಅದನ್ನು ಬೈಯುತ್ತಾ ರಿಪೇರಿ ಮಾಡಿದ. ಬೆಳಗಿನ ಬಸ್ಸು ಹತ್ತುವ ಹೊತ್ತಿಗೆ ಅವಳು ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ, ಗುಳಿಗೆ ತಪ್ಪದೆ ತಗೊಂಡರೂ ಬರಬಹುದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಬಸ್ ನಿಲ್ದಾಣದಲ್ಲಿ ಅವಳ ಕೆಂಪು ಕಣ್ಣು ನೋಡಿದೆ. ಬೈಯಬೇಕೆಂದು ಬಾಯಿ ತೆರೆದೆ. ಅವಳೇ, "ಈಗ ಬ್ಯಾಡ್ರಿ ನರ್ಸಮ್ಮಾ. ನಾಳೆ ಬೈರಿ" ಎಂದಳು.

ಲಿಂಗಸುಗೂರು ರಸ್ತೆಯ ಆ ಸಭಾಂಗಣ ಹೂವು, ದೀಪ, ಬಣ್ಣದ ಪರದೆಯಿಂದ ತುಂಬಿತ್ತು. ಮೂಗಿಗಿಂತ ಮೂಗುತಿಯೇ ಭಾರ. ಕುತ್ತಿಗೆಗೆ ಬಿಲ್ಲೆ ಹಾಕಿಕೊಂಡವರು ಓಡಾಡುತ್ತಿದ್ದರು. ಗೋಡೆಗಳ ಮೇಲಿನ ಚಿತ್ರಕಥೆಗಳು ಮಾತ್ರ ನನ್ನನ್ನು ನಿಲ್ಲಿಸಿದವು. ಯಾವುದೋ ದೇಶದ ಹೆಂಗಸು ಮರೆವು ಬಂದ ತನ್ನ ತಾಯಿಯ ಚಿತ್ರ ಬರೆದಿದ್ದಳು. ತಾಯಿ ಮಗಳನ್ನೇ ಯಾರು ನೀನು ಎಂದು ಕೇಳುತ್ತಿದ್ದಳು. ಮಾತು ಇಂಗ್ಲಿಷಿನಲ್ಲಿತ್ತು, ಆದರೆ ಆ ತಾಯಿಯ ಮುಖ ನೋಡಿ ಗೋಪಮ್ಮ ಲೊಚಗುಟ್ಟಿದಳು. ಅವಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಬಾಗಿಲಲ್ಲೇ ಸಮಿತಿಯ ಹಿರಿಯರು ಎದುರಾದರು. ಕೆಟ್ಟವರಲ್ಲ, ಹೆದರಿದ್ದರು, ಬೆವರುತ್ತಿದ್ದರು. "ನಿಮ್ಮ ಒಳ್ಳೇದಕ್ಕೇ ಹೇಳಾಕತ್ತೀನಮ್ಮಾ" ಎಂದರು.

"ಇದು ಕಾಯಿಲಿ ಇದ್ದೋರ ಸಮ್ಮೇಳನ ಅಲ್ಲೇನ್ರಿ ಸರ್?" ಎಂದಳು ವಿಶಾಖಾ. "ಕಾಯಿಲಿ ಇದ್ದಾಕಿ ವೇದಿಕಿ ಹತ್ತಬಾರದಂದ್ರ, ಕಣ್ಣಿನ ದವಾಖಾನಿಗಿ ಕುರುಡ್ರು ಬರಬ್ಯಾಡ್ರಿ ಅಂದಂಗಾತು. ನಾ ಬೀಳಬೌದು. ಬಿದ್ರ ಏಳ್ತೀನಿ. ಇಷ್ಟು ದಿನ ಎದ್ದೀನಲ್ಲಾ?"

"ಜನ ಏನಂತಾರ..."

"ಏನಂತಾರ ಅನ್ನಾದಕ್ಕೇ ಈ ಚಿತ್ರ ಬರದೀನ್ರಿ. ಮೈಕ್ ಕೊಡ್ರಿ. ಕೊಡಲಿಲ್ಲಂದ್ರ ಗೇಟಿಗಿ ಕಟ್ಟತೀನಿ." ಕಂಕುಳಲ್ಲಿದ್ದ ಫ್ಲೆಕ್ಸಿನ ಸುರುಳಿ ತೋರಿಸಿದಳು. ಅಷ್ಟರಲ್ಲಿ ಪ್ರಿಯದರ್ಶಿನಿ ಬಂದು, ವಿಶಾಖಾ ಮಾತಾಡದಿದ್ದರೆ ತಾನೂ ವೇದಿಕೆ ಹತ್ತುವುದಿಲ್ಲ ಎಂದು ತಣ್ಣಗೆ ಹೇಳಿದಳು. ಹಿರಿಯರು ಕರವಸ್ತ್ರದಿಂದ ಮುಖ ಒರೆಸಿಕೊಂಡು ದಾರಿ ಬಿಟ್ಟರು.

ವಿಶಾಖಾ ಮಾತು ಶುರುಮಾಡಿದಾಗ ನಾನು ಹಿಂದಿನ ಸಾಲಿನಲ್ಲಿದ್ದೆ, ಗೋಪಮ್ಮ ಮುಂದಿನ ಸಾಲಿನಲ್ಲಿ. ವಿಶಾಖಾಳ ಹಿಂದೆ ದೊಡ್ಡ ಫ್ಲೆಕ್ಸ್, ಆರು ಚಿತ್ರ. ಅವಳು ನಮ್ಮ ಭಾಷೆಯಲ್ಲೇ ಹೇಳುತ್ತಿದ್ದಳು, ಪ್ರಿಯದರ್ಶಿನಿ ಇಂಗ್ಲಿಷ್ ಮಾಡುತ್ತಿದ್ದಳು. ಅಂಗೈ ಎತ್ತಿ ಗುರುತು ತೋರಿಸಿದಳು. ಕೆಂಪು ಗೀಟಿನ ಪ್ರಸಂಗ ಹೇಳಿದಾಗ ಸಭೆಯೆಲ್ಲ ನಕ್ಕಿತು. ಮೂರನೆಯ ಚಿತ್ರಕ್ಕೆ ಬಂದಳು. "ಈ ಮುದುಕಿ ಕೀಲಿಕೈ ತಗೊಂಡು..." ಎನ್ನುತ್ತಿದ್ದಂತೆ ಮಾತು ತಡೆಯಿತು. ಕಣ್ಣು ಒಂದು ಕಡೆ ತಿರುಗಿತು. ಮೈಕ್ ಬಿತ್ತು, ಅವಳೂ ಬಿದ್ದಳು.

ಸಭೆ ಎದ್ದು ನಿಂತಿತು. ನೀರು ಎಂದರು ಒಬ್ಬರು, ಕಬ್ಬಿಣ ಎಂದರು ಇನ್ನೊಬ್ಬರು. ಊಟ ಬಡಿಸಲು ಬಂದಿದ್ದವನು ಉಳ್ಳಾಗಡ್ಡಿ ಹಿಡಿದುಕೊಂಡೇ ಓಡಿ ಬಂದ. ಕೆಲವರು ಮೊಬೈಲ್ ಎತ್ತಿ ಹಿಡಿದುಕೊಂಡು ವೇದಿಕೆ ಹತ್ತಿದರು. ನನ್ನ ಮಂಡಿಗೆ ಬೆಂಕಿ ಬೀಳಲಿ, ಆ ಗದ್ದಲದಲ್ಲಿ ನುಗ್ಗಲು ನನಗೆ ಆಗಲಿಲ್ಲ. ಗೋಪಮ್ಮ ಆಗಲೇ ಮೆಟ್ಟಿಲು ಹತ್ತಿದ್ದಳು, ಕೈಯಲ್ಲಿ ಕೀಲಿಕೈ ಇತ್ತು. ಮುಗಿಯಿತು, ಮತ್ತೆ ಅದೇ ಅಂಗೈ ಎಂದುಕೊಂಡೆ.

ಗೋಪಮ್ಮ ಮಗಳ ಪಕ್ಕ ಕೂತಳು. ಆ ಮುಷ್ಟಿಯ ಕಡೆ ಕೈ ಚಾಚಿದಳು. ಚಾಚಿದ ಕೈ ನಡುವೆಯೇ ನಿಂತಿತು. ಅವಳು ತಲೆಯೆತ್ತಿ ಫ್ಲೆಕ್ಸ್ ನೋಡಿದಳು. ಅಲ್ಲಿ ಅವಳೇ ಇದ್ದಳು, ಗೋಡೆಯಷ್ಟು ದೊಡ್ಡದಾಗಿ, ಅವಳ ಮೂಗು, ಅವಳ ಸೆರಗು, ಅವಳ ಕೀಲಿಕೈ. ಮನೆಯಲ್ಲಿ ಮಗಳು ಬರೆದದ್ದನ್ನು ಅವಳು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ ಎಂದು ನನಗೆ ಗೊತ್ತು. ಈಗ ಆರನ್ನೂ ನೋಡಿದಳು. ನೋಡಿ ಎದ್ದಳು.

ಕೀಲಿಕೈಯನ್ನು ಕೋಲಿನಂತೆ ಎತ್ತಿ ಮೊಬೈಲ್ ಹಿಡಿದವರ ಕಡೆ ತಿರುಗಿದಳು. "ಇಳೀರಿ ಕೆಳಗ! ಏನ್ ನೋಡಾಕ ಬಂದೀರಿ, ದೊಂಬರಾಟೇನು? ಇಳೀತೀರೋ ಇಲ್ಲಾ ತಲಿ ಒಡೀಲೋ?" ಉಳ್ಳಾಗಡ್ಡಿಯವನು ಮೊದಲು ಇಳಿದ. ಮೊಬೈಲಿನವರೂ ಇಳಿದರು. ಬೀಗ ಹಾಕಲು ಬಾಗಿಲಿರಲಿಲ್ಲ, ಪ್ರಿಯದರ್ಶಿನಿ ಪರದೆ ಅರ್ಧ ಎಳೆಸಿದಳು. ಗೋಪಮ್ಮ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ, ಮಗಳನ್ನು ಮಗ್ಗುಲಿಗೆ ಹೊರಳಿಸಿದಳು. ಸಮಿತಿಯವರು ಹೊದಿಸಲೆಂದು ತಂದಿಟ್ಟಿದ್ದ ಶಾಲನ್ನು ಮಡಚಿ ತಲೆಯಡಿ ಇಟ್ಟಳು. ನಾನು ಕುಂಟುತ್ತಾ ತಲುಪಿದಾಗ ನನಗೆ ಮಾಡಲು ಏನೂ ಉಳಿದಿರಲಿಲ್ಲ. ಕೂತು ಗಡಿಯಾರ ನೋಡಿದೆ. ಗೋಪಮ್ಮನ ತುಟಿ ಅಲುಗುತ್ತಿತ್ತು, ರೊಟ್ಟಿಯ ಲೆಕ್ಕ ಹಿಡಿದಿದ್ದಳು. ಎರಡನೆಯ ರೊಟ್ಟಿ ಬೇಯುವ ಮೊದಲೇ ವಿಶಾಖಾಳ ಮೈ ಸಡಿಲವಾಯಿತು, ಉಸಿರು ಸಮವಾಯಿತು. ಅವಳು ಮಂಪರಿನಲ್ಲಿ ಮಲಗಿದಳು.

ಸಮಿತಿಯ ಹಿರಿಯರು ಇನ್ನೊಂದು ಮೈಕ್ ಹಿಡಿದು, ಅನಿವಾರ್ಯ ಕಾರಣದಿಂದ ಈ ಗೋಷ್ಠಿಯನ್ನು ಇಲ್ಲಿಗೇ ಮುಗಿಸುತ್ತಿದ್ದೇವೆ, ಎಲ್ಲರೂ ಚಹಾಕ್ಕೆ ಹೋಗಬೇಕು ಎಂದರು. ಮಂದಿ ಹೊರಟರು. ಗೋಪಮ್ಮ ಕೆಳಗೆ ಬಿದ್ದಿದ್ದ ಮೈಕ್ ಎತ್ತಿಕೊಂಡಳು. ಜೀವಮಾನದಲ್ಲಿ ಮೈಕ್ ಹಿಡಿದವಳಲ್ಲ, ತೀರಾ ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಉಸಿರೇ ಮೊದಲು ಕೇಳಿಸಿತು.

"ಕುಂದರ್ರಿ ಎಲ್ಲಾರೂ. ಕಥಿ ಇನ್ನಾ ಮುಗಿದಿಲ್ಲ."

ಕೂತರು. ಹಿರಿಯರೂ ಕೂತರು.

ಅವಳು ಮಗಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಕೈ ತೋರಿಸಿ ಹೇಳಿದಳು. "ಅದು ನಾಕನೇದು. ನೀವೇ ಈಗ ನೋಡಿದ್ರಿ. ಅದು ಐದನೇದು, ರೊಟ್ಟಿ." ಪ್ರಿಯದರ್ಶಿನಿ ಕಣ್ಣು ಒರೆಸಿಕೊಂಡು ಇಂಗ್ಲಿಷ್ ಮಾಡಿದಳು. ಗೋಪಮ್ಮ ಆರನೆಯದಕ್ಕೆ ಬಂದಳು. ಆ ಖಾಲಿ ಗುಳ್ಳೆಯ ಕಡೆ ಬೆರಳು ಮಾಡಿದಳು.

"ಈ ಮುದುಕಿ ಓಣಿ ಮಂದಿಗಿ ಏನ್ ಹೇಳಾಕತ್ತಾಳ ಅಂತ ನನ್ನ ಮಗಳು ಬರದಿಲ್ಲ. ನಾನೇ ಹೇಳ್ತೀನಿ" ಎಂದಳು. "ನನ್ನ ಮಗಳಿಗಿ ಫಿಟ್ಸ್ ಅದಾವ. ಪಿತ್ತ ಅಲ್ಲ. ಗಾಳಿ ಅಲ್ಲ. ಫಿಟ್ಸ್. ಗುಳಿಗಿ ತಗೋತಾಳ, ದುಡೀತಾಳ, ಚಿತ್ರ ಬರೀತಾಳ. ಯಾರಿಗರ ಏನರ ಅನ್ನಾದಿದ್ರ ಅಕಿಗೆ ಅನಬ್ಯಾಡ್ರಿ. ನಂಗ ಅನ್ರಿ, ಇಲ್ಲೇ ಕುಂತೀನಿ."

ನಾನು ಅತ್ತೆ. ಇಷ್ಟು ವರ್ಷ ನನ್ನನ್ನು ಬಾಗಿಲಲ್ಲೇ ತಡೆದ ಹೆಂಗಸು ಆ ಮಾತನ್ನು ಜಗತ್ತಿನೆದುರು ಎರಡೇ ಸಲ, ಆದರೆ ನೂರು ಸಲ ಹೇಳಿದಷ್ಟು ಗಟ್ಟಿಯಾಗಿ ಹೇಳಿದ್ದಳು.

ದೇವದುರ್ಗದ ಸಂಬಂಧ ಮುರಿಯಿತು. ಇದನ್ನೂ ಹೇಳಲೇಬೇಕು, ಇಲ್ಲದಿದ್ದರೆ ನಾನೂ ಪೇಪರಿನವರಂತಾಗುತ್ತೇನೆ. ಅವರು ಬೇರೆ ಕಾರಣ ಹೇಳಿ ಕಳಿಸಿದರು, ಕಾರಣ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅಂಬರೀಶ ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದು ಮತ್ತೆ ಕೆಲಸಕ್ಕೆ ಹೋದ. ಗೋಪಮ್ಮನಿಗೆ ದುಃಖವಾಯಿತು, ಅದನ್ನು ಅವಳು ಮುಚ್ಚಿಡಲಿಲ್ಲ. ಓಣಿಯವರು ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಕೇಳಿದರು. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಳು.

ಮೊನ್ನೆ ಮಲ್ಲಟಕ್ಕೆ ಹೋಗಿದ್ದೆ. ಗೋಪಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, "ಒಳಗ ಬರ್ರಿ ನರ್ಸಮ್ಮಾ" ಎಂದಳು. ಸಮ್ಮೇಳನದ ಆ ದೊಡ್ಡ ಫ್ಲೆಕ್ಸನ್ನು ಮನೆಯ ಹೊರಗೋಡೆಗೆ, ಓಣಿಗೆಲ್ಲ ಕಾಣುವಂತೆ ಕಟ್ಟಿಸುತ್ತಿದ್ದಳು. ವಿಶಾಖಾ ಏಣಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಳು, ಅಂಬರೀಶ ಏಣಿ ಹಿಡಿದಿದ್ದ. ಕಟ್ಟಿ ಮುಗಿದ ಮೇಲೆ ಗೋಪಮ್ಮ ಹಿಂದೆ ಸರಿದು ನೋಡಿದಳು. ಒಳಗೆ ಹೋಗಿ ಬಣ್ಣದ ಡಬ್ಬಿ, ಕುಂಚ ತಂದು ಮಗಳ ಕೈಗೆ ಕೊಟ್ಟಳು.

"ಆ ಖಾಲಿ ಜಾಗದಾಗ ಬರಿ" ಎಂದಳು.

"ಏನಂತ ಬರೀಲಿ ಅವ್ವಾ?"

"ನಾ ಅಲ್ಲಿ ಅಂದದ್ದು ಬರಿ. ದೊಡ್ಡದಾಗಿ ಬರಿ."